ದೂರ ಹೋದಷ್ಟೂ ದೊಡ್ಡದಾಗುವ ಊರು

ಇಬ್ಬರು ಕನ್ನಡಿಗರು ರೈಲಿನಲ್ಲಿ ಎದುರುಬದುರು ಕೂತರೆ ಹೆಸರು ಕೇಳುವುದು ಆಮೇಲೆ. ಮೊದಲ ಪ್ರಶ್ನೆ ‘ಯಾವೂರಾಯ್ತು?’ ಎಂಬುದೇ. ಇದಕ್ಕೆ ಉತ್ತರ ಒಂದೇ ಇರಬೇಕು ಅನ್ನಿಸುತ್ತದೆ, ಆದರೆ ಅದು ಕೇಳಿದ ಜಾಗದ ಮೇಲೆ ಬದಲಾಗುತ್ತದೆ. ಮುಂಬೈಯ ಮಾಟುಂಗದಲ್ಲಿ ಕೇಳಿದರೆ ಕಾರ್ಕಳದವರು ‘ಮಂಗಳೂರು’ ಎನ್ನುತ್ತಾರೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಕೇಳಿದರೆ ಅವರೇ ‘ಕಾರ್ಕಳ’ ಎನ್ನುತ್ತಾರೆ. ಕಾರ್ಕಳ ಪೇಟೆಯಲ್ಲಿ ಕೇಳಿದರೆ ‘ಮಿಯಾರು’. ಮಿಯಾರಿನಲ್ಲೇ ಕೇಳಿದರೆ ಮನೆತನದ ಹೆಸರು. ನಾಲ್ಕೂ ನಿಜ. ಮನೆಯಿಂದ ದೂರ ಹೋದಷ್ಟೂ ಊರು ದೊಡ್ಡದಾಗುತ್ತ ಹೋಗುತ್ತದೆ.

1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಆದರೂ ಬೆಂಗಳೂರಿನ ಕಚೇರಿಗಳಲ್ಲಿ ಕುಂದಾಪುರದವರನ್ನೂ ಸುಳ್ಯದವರನ್ನೂ ಒಟ್ಟಿಗೆ ‘ಮಂಗಳೂರು ಕಡೆಯವರು’ ಎಂದುಬಿಡುತ್ತಾರೆ. ತಮ್ಮ ಕನ್ನಡವೇ ಬೇರೆ ಎಂದು ಕುಂದಾಪುರದವರು ತಕರಾರು ತೆಗೆಯುತ್ತಾರೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೀಗೆ ಮಂಗಳೂರಿಗೆ ಎರಡು ಗಡಿಗಳಿವೆ. ಒಂದನ್ನು ಮಹಾನಗರ ಪಾಲಿಕೆ ಎಳೆದಿದೆ, ಇನ್ನೊಂದನ್ನು ಊರು ಬಿಟ್ಟವರು ಎಳೆದಿದ್ದಾರೆ. ಹೊರಗಿನ ಲೋಕಕ್ಕೆ ಗೊತ್ತಿರುವುದು ಎರಡನೆಯದೇ.

‘ಊರು’ ಎಂಬ ಶಬ್ದ ನೋಡಲು ಸಣ್ಣದು, ಮಾಡುವ ಕೆಲಸ ದೊಡ್ಡದು. ಬೇರೂರು, ಕಾಲೂರು, ನೆಲೆಯೂರು ಎನ್ನುವಾಗಲೂ ಇದೇ ರೂಪ, ಬಾಯಲ್ಲಿ ನೀರೂರುವಾಗಲೂ ಇದೇ ರೂಪ. ಮೂಲದಲ್ಲಿ ಇವು ಬೇರೆ ಬೇರೆ ಮಾತುಗಳು. ನಾಟುವ, ಒಸರುವ ಅರ್ಥದ ‘ಊರು’ಗಳನ್ನು ಹಳಗನ್ನಡದವರು ‘ಱ’ ಎಂಬ ಶಕಟರೇಫದಲ್ಲಿ ಬರೆಯುತ್ತಿದ್ದರು, ಜನವಸತಿಯ ಊರನ್ನು ಸಾದಾ ರಕಾರದಲ್ಲಿ. ಆ ಅಕ್ಷರ ಬಳಕೆಯಿಂದ ಬಿದ್ದುಹೋದ ಮೇಲೆ ಎಲ್ಲವೂ ಒಂದೇ ವೇಷ ತೊಟ್ಟವು. ವ್ಯಾಕರಣಕ್ಕೆ ಒಪ್ಪಿಗೆ ಇರಲಿ ಬಿಡಲಿ, ಇವತ್ತಿನ ಕಿವಿಗೆ ಊರೆಂದರೆ ಕಾಲೂರಿದ ಜಾಗ. ನೆನೆದರೆ ಬಾಯಲ್ಲಿ ನೀರೂರಿಸುವ ಜಾಗವೂ ಹೌದು.

ಈ ಶಬ್ದ ಬರೀ ನೆಲವನ್ನು ಸೂಚಿಸುವುದಿಲ್ಲ. ‘ಇಡೀ ಊರಿಗೇ ಗೊತ್ತು’ ಎಂದಾಗ ಅದು ಜನ. ‘ಊರ ಉಸಾಬರಿ ನಿನಗ್ಯಾಕೆ’ ಎಂದಾಗ ಅದು ಪರರ ವಿಚಾರ. ‘ಊರು ಉಪಕಾರ ಅರಿಯದು’ ಎಂಬ ಗಾದೆಯಲ್ಲಿ ಅದು ನೆನಪಿನ ಶಕ್ತಿ ಕಡಿಮೆ ಇರುವ ಒಂದು ಪ್ರಾಣಿ. ಮಂಗಳೂರಿನ ವಿಷಯದಲ್ಲಂತೂ ಇನ್ನೊಂದು ಸ್ವಾರಸ್ಯವಿದೆ. ತುಳುವರಿಗೆ ಅದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ. ಮನೆಯೊಳಗಿನ ಈ ಹೆಸರುಗಳಲ್ಲಿ ಯಾವುದರಲ್ಲೂ ‘ಊರು’ ಇಲ್ಲ. ಅದು ಇರುವುದು ಕನ್ನಡದ ಹೆಸರಿನಲ್ಲಿ. ಮೂವರೂ ಹೊರಗೆ ಹೋದಾಗ ಹಂಚಿಕೊಳ್ಳುವುದು ಆ ಹೆಸರನ್ನೇ.

ಬಿಟ್ಟು ಹೋದವರೇ ಊರಿಗೆ ಹೆಸರು ತಂದುಕೊಡುತ್ತಾರೆ ಎನ್ನುವುದಕ್ಕೆ ಹೋಟೆಲಿನ ತಿಂಡಿಪಟ್ಟಿಯೇ ಸಾಕ್ಷಿ. ಬೆಂಗಳೂರಿನಲ್ಲಿ ‘ಮಂಗಳೂರು ಬಜ್ಜಿ’ ಎಂದು ಬರೆದಿರುವುದು ಮಂಗಳೂರಿನಲ್ಲಿ ಗೋಳಿಬಜೆ. ‘ಮಂಗಳೂರು ಬನ್ಸ್’ ಅಲ್ಲಿ ಬರೀ ಬನ್ಸ್. ‘ಮಂಗಳೂರು ಸೌತೆ’ ಅಲ್ಲಿನ ಸಂತೆಯಲ್ಲಿ ಬರೀ ಸೌತೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರು ಮಾಡಿದ ಕಾರ್ಖಾನೆಯ ಹೆಂಚು ಹಡಗು ಹತ್ತಿದ ಮೇಲೆ ‘ಮಂಗಳೂರು ಹೆಂಚು’ ಆಯಿತು, ಊರಿನ ಮಾಡಿನ ಮೇಲೆ ಕೂತಿದ್ದಷ್ಟು ಕಾಲ ಅದು ಹೆಂಚು ಮಾತ್ರ. ಉಡುಪಿಯವನು ಊಟಕ್ಕೆ ‘ಉಡುಪಿ ಹೋಟೆಲಿಗೆ’ ಹೋಗುವುದಿಲ್ಲ, ಹೋಟೆಲಿಗೆ ಹೋಗುತ್ತಾನೆ. ಊರಿನ ಹೆಸರನ್ನು ಬೋರ್ಡಿನ ಮೇಲೆ ಬರೆಸುವ ಅಗತ್ಯ ಹುಟ್ಟುವುದು ಪರವೂರಿನಲ್ಲಿ.

ಊರೊಳಗೇ ‘ಊರ’ ಎಂಬ ವಿಶೇಷಣ ಬೇಕಾದದ್ದು ಯಾವಾಗ? ಹೊರಗಿನದು ಒಳಗೆ ಬಂದಾಗ. ಬ್ರಾಯ್ಲರ್ ಬರುವ ಮೊದಲು ಕೋಳಿ ಕೋಳಿಯೇ ಆಗಿತ್ತು. ಅದು ಬಂದ ಮೇಲೆ ಅಂಗಳದಲ್ಲಿ ಕೆದಕುತ್ತಿದ್ದುದು ‘ಊರ ಕೋಳಿ’ಯಾಗಿ ಬೆಲೆ ಏರಿಸಿಕೊಂಡಿತು. ಅದನ್ನು ಹುಡುಕಿಕೊಂಡು ಹೋಗುವವರಲ್ಲಿ ಮುಂಬೈಯಿಂದ ಬಂದವರು ಮುಂದೆ. ವರ್ಷವಿಡೀ ಊರಲ್ಲೇ ಇರುವವರು ಸದ್ದಿಲ್ಲದೆ ಬ್ರಾಯ್ಲರ್ ತರುತ್ತಾರೆ.

ಕರಾವಳಿಯವರು ಊರು ಬಿಟ್ಟದ್ದು ನಿನ್ನೆ ಮೊನ್ನೆಯಲ್ಲ. ಮುಂಬೈಯ ಮೊಗವೀರರು ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದ್ದು 1902ರಲ್ಲಿ, ಬಂಟರು ಸಂಘ ಕಟ್ಟಿದ್ದು 1927ರಲ್ಲಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರು ಆಮೇಲೆ ಹೋಟೆಲಿನ ಧಣಿಗಳಾದರು, ವಕೀಲರಾದರು. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಗೇಣಿ ಪದ್ಧತಿ ಆಳವಾಗಿದ್ದ ಈ ಕರಾವಳಿಯ ಮನೆಮನೆಯ ಲೆಕ್ಕಾಚಾರ ತಲೆಕೆಳಗಾಯಿತು. ಒಕ್ಕಲುಗಳಿಗೆ ಭೂಮಿ ಬಂತು. ಗೇಣಿ ಅಕ್ಕಿಯನ್ನೇ ನಂಬಿಕೊಂಡಿದ್ದ ಮನೆಗಳ ಹುಡುಗರು ಮುಂಬೈ ಬಸ್ಸು ಹತ್ತಿದರು. ಅದೇ ದಶಕದಲ್ಲಿ ಕೊಲ್ಲಿ ರಾಷ್ಟ್ರಗಳ ದಾರಿಯೂ ತೆರೆಯಿತು. ಮೊದಲು ಮುಂಬೈಗೆ ಬಂದು ಅಲ್ಲಿಂದ ವಿಮಾನ ಹತ್ತಬೇಕಿತ್ತು. ಬಜ್ಪೆಯಿಂದಲೇ ದುಬೈಗೆ ವಿಮಾನ ಹಾರತೊಡಗಿದ್ದು 2006ರಲ್ಲಿ. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲು ಮಾರ್ಗ ರೋಹಾದಿಂದ ಹೊರಟು ಸುರತ್ಕಲ್ ದಾಟಿ ಮುಗಿಯುವ ನಿಲ್ದಾಣದ ಹೆಸರು ತೋಕೂರು. ಹೊಳೆ, ಸುರಂಗ, ಗುಡ್ಡಗಳನ್ನೆಲ್ಲ ದಾಟಿ ಆ ಹಳಿ ಕೊನೆಗೆ ಒಂದು ‘ಊರಿ’ಗೇ ಬಂದು ಸೇರುತ್ತದೆ.

ಎಲ್ಲರೂ ಇಷ್ಟಪಟ್ಟು ಹೋದವರಲ್ಲ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. 1799ರಲ್ಲಿ ಅವನು ಬಿದ್ದ ಮೇಲೆ ಉಳಿದವರು ಮರಳಿದರು. ಮರಳಿದವರು ಹೋದವರಿಗಿಂತ ಬಹಳ ಕಡಿಮೆ. ಅವರ ಇಗರ್ಜಿಗಳು ನೆಲಸಮವಾಗಿದ್ದವು. 1680ರಲ್ಲಿ ಕಟ್ಟಿದ್ದ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯನ್ನು ಆ ಸಮುದಾಯ ಹೊಸದಾಗಿಯೇ ಎಬ್ಬಿಸಬೇಕಾಯಿತು. ಇವತ್ತು ಮಂಗಳೂರೆಂದರೆ ಶಾಲೆ, ಕಾಲೇಜು, ಆಸ್ಪತ್ರೆ ಎಂದು ಹೊರಗಿನವರು ಹೇಳುತ್ತಾರಲ್ಲ, ಅದರಲ್ಲಿ ಹಾಗೆ ಮರಳಿ ಬಂದು ಎರಡನೇ ಸಲ ಕಾಲೂರಿದವರ ಪಾಲು ದೊಡ್ಡದು. ಒಮ್ಮೆ ಕಳೆದುಕೊಂಡ ಊರನ್ನು ಜನ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ.

ರಜೆಯಲ್ಲಿ ಬಂದವರಿಗೆ ಊರು ಕೇಳುವ ಪ್ರಶ್ನೆಗಳು ಎರಡೇ. ತುಳುವಿನಲ್ಲಿ ‘ಏಪ ಬತ್ತಿನಿ? ಏಪ ಪೋಪುನಿ?’ ಕನ್ನಡದಲ್ಲಿ ‘ಯಾವಾಗ ಬಂದದ್ದು ಮಾರಾಯ್ರೆ? ಹೋಗುವುದು ಯಾವಾಗ?’ ಎರಡರ ನಡುವೆ ಉಸಿರು ತೆಗೆಯುವಷ್ಟೂ ಬಿಡುವಿಲ್ಲ. ಹೊಸಬರಿಗೆ ಇದು ಹೊರಡಿಸುವ ಅವಸರದಂತೆ ಕೇಳಿಸೀತು. ಆದರೆ ಕೇಳುವವರ ತಲೆಯಲ್ಲಿ ಮದುವೆ, ಗೃಹಪ್ರವೇಶ, ನೇಮ, ಬಯಲಾಟಗಳ ದಿನಾಂಕಗಳಿರುತ್ತವೆ. ನೀವು ಎಷ್ಟಕ್ಕೆ ಒದಗುತ್ತೀರಿ ಎಂಬ ಲೆಕ್ಕ ಅದು. ಹೋದವರ ರಜೆಗೆ ತಕ್ಕಂತೆ ಊರಿನ ಪಂಚಾಂಗವೇ ಒಗ್ಗಿಕೊಂಡಿದೆ. ಬ್ರಹ್ಮಕಲಶೋತ್ಸವದ ಆಮಂತ್ರಣ ತೆರೆದರೆ ಸ್ಥಳೀಯ ಸಮಿತಿಯ ಪಕ್ಕದಲ್ಲೇ ಮುಂಬೈ ಸಮಿತಿ ಇರುತ್ತದೆ. ಕೆಳಗೆ ‘ಊರ ಹಾಗೂ ಪರವೂರ ಭಕ್ತಾದಿಗಳ ಸಹಕಾರದಿಂದ’ ಎಂಬ ಒಕ್ಕಣೆ. ಊರನ್ನೂ ಪರವೂರನ್ನೂ ಒಂದೇ ಉಸಿರಿನಲ್ಲಿ ಸೇರಿಸುವ ಈ ಮಾತನ್ನು ಕರಾವಳಿಯವರು ಸಾವಿರ ಸಲ ಓದಿರುತ್ತಾರೆ, ಒಮ್ಮೆಯೂ ನಿಂತು ನೋಡಿರುವುದಿಲ್ಲ. ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಯಕ್ಷಗಾನ ಕಲಾವಿದರು ಮಳೆಗಾಲದಲ್ಲಿ ತಂಡ ಕಟ್ಟಿಕೊಂಡು ಮುಂಬೈಗೆ ಹೋಗುತ್ತಾರೆ. ಬೇಸಗೆಯಲ್ಲಿ ಪರವೂರು ಊರಿಗೆ ಬರುತ್ತದೆ, ಮಳೆಗಾಲದಲ್ಲಿ ಊರು ಪರವೂರಿಗೆ ಹೋಗುತ್ತದೆ.

ಸಂಬಂಧ ಸಿಹಿಯೇ ಎಂದೇನೂ ಇಲ್ಲ. ಹೋದವನ ತಲೆಯಲ್ಲಿ ಊರು ಅವನು ಬಸ್ಸು ಹತ್ತಿದ ವರ್ಷಕ್ಕೇ ನಿಂತಿರುತ್ತದೆ. ಮುರಕಲ್ಲಿನ ಗೋಡೆ, ಗದ್ದೆ, ಕಟ್ಟ ಕಟ್ಟಿದ ತೋಡು ಎಲ್ಲವೂ ಇದ್ದ ಹಾಗೇ ಇರಬೇಕು. ಅದೇ ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟಿಸಿದ್ದು ಅವನ ದುಡ್ಡೇ. ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿರುವ ಮನೆಗಳು, ಆಳಿಲ್ಲದ ಫ್ಲಾಟುಗಳು ಮಂಗಳೂರಿನಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ. ಇದ್ದವರು ಅಗಲ ರಸ್ತೆ ಕೇಳುತ್ತಾರೆ, ಬಂದವರು ರಸ್ತೆಗಾಗಿ ಕಡಿದ ಮರಗಳಿಗೆ ಮರುಗುತ್ತಾರೆ. ಇಬ್ಬರ ಬಾಯಲ್ಲೂ ‘ನಮ್ಮ ಊರು’. ನಗರದ ಗುರುತು ರೂಪುಗೊಳ್ಳುವುದು ಇಬ್ಬರ ಈ ಜಗಳದಲ್ಲೇ. ಒಬ್ಬರನ್ನೇ ಕೇಳಿ ಕಟ್ಟಿದ ಊರು ವಸ್ತುಸಂಗ್ರಹಾಲಯವಾದೀತು, ಇನ್ನೊಬ್ಬರನ್ನೇ ಕೇಳಿ ಕಟ್ಟಿದ್ದು ಬರೀ ಬೈಪಾಸ್ ಆದೀತು.

ಬರಲಾಗದವರೂ ಇದ್ದಾರೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಜನ ಸತ್ತರು. ಅವರಲ್ಲಿ ಎಷ್ಟೋ ಮಂದಿ ಊರಿಗೆಂದು ಹೊರಟವರು. ಕೊಲ್ಲಿಯ ವಲಸೆಯನ್ನು ಅಲ್ಲಿಯವರೆಗೆ ಅತ್ತರು, ಬಂಗಾರ, ಹೊಸ ಮನೆಗಳಲ್ಲಿ ಅಳೆಯುತ್ತಿದ್ದ ನಗರಕ್ಕೆ, ದುಡಿಯಲು ಹೋದವರ ದಾರಿ ಎಂಥದು ಎಂದು ಆ ಬೆಳಗ್ಗೆ ಒಟ್ಟಿಗೇ ಅರಿವಾಯಿತು.

ಬರಲೊಲ್ಲದವರೂ ಇದ್ದಾರೆ. ‘ಊರುಕೇರಿ’ ಎಂದು ನಾವು ಜೋಡಿಸಿ ಹೇಳುವ ಮಾತಿನಲ್ಲಿ ಊರು ಒಳಗಿನದು, ಕೇರಿ ಹೊರಗಿನದು. ಬಾವಿಯ ಹತ್ತಿರ ಬರಗೊಡದ, ಜಗಲಿ ಹತ್ತಿಸದ ಊರನ್ನು ಬಿಟ್ಟವನಿಗೆ ಅದನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವ ಹಂಗಿಲ್ಲ. ಅವನಿಗೆ ಮುಂಬೈ ಒಂದು ಬಿಡುಗಡೆ. ಅಲ್ಲಿ ‘ಯಾವೂರಾಯ್ತು?’ ಎಂಬ ಪ್ರಶ್ನೆಯ ಹಿಂದೆ ಜಾತಿಯನ್ನು ತಡವಿ ನೋಡುವ ಬೆರಳಿದ್ದರೆ ಅದನ್ನು ಮೊದಲು ಗುರುತಿಸುವವನೂ ಅವನೇ. ಮರಳಿ ಬಂದವರ ದೇಣಿಗೆಯ ಫಲಕಗಳಿಂದ ಊರನ್ನು ಓದುವಾಗ, ಮರಳದೆ ಉಳಿದವರು ಯಾಕೆ ಮರಳಲಿಲ್ಲ ಎಂಬುದನ್ನೂ ಓದಿಕೊಳ್ಳಬೇಕು.

ಊರಿಗೆ ಹೋಗದೆಯೂ ಊರಲ್ಲೇ ಇದ್ದವರ ಉದಾಹರಣೆ ನಮ್ಮ ಸಾಹಿತ್ಯದಲ್ಲಿದೆ. ಯಶವಂತ ಚಿತ್ತಾಲರು ಮುಂಬೈಯ ಬಾಂದ್ರಾದಲ್ಲಿ ಕಡಲಿಗೆ ಎದುರಾಗಿ ಕೂತು ಉತ್ತರ ಕನ್ನಡದ ಹನೇಹಳ್ಳಿಯನ್ನು ಬರೆದರು. ಆ ಹಳ್ಳಿಗೆ ಕಾಲಿಡದ ಸಾವಿರಾರು ಓದುಗರಿಗೆ ಹನೇಹಳ್ಳಿ ಪರಿಚಿತವಾದದ್ದು, ಅದನ್ನು ಬಿಟ್ಟು ಬಂದವರೊಬ್ಬರಿಂದ.

ಮುಂಬೈಯಲ್ಲಿ ಹುಟ್ಟಿದ ಮಕ್ಕಳ ಬಾಯಲ್ಲಿ ಈ ಶಬ್ದ ಈಗ ಸೊರಗುತ್ತಿದೆ. ಅವರಿಗೆ ಅದು ‘ನೇಟಿವ್’, ಇಲ್ಲವೇ ಪಕ್ಕದ ಮರಾಠಿಗರಿಂದ ಕಲಿತ ‘ಗಾಂವ್’. ‘ಊರಿಗೆ ಹೋಗುತ್ತೇವೆ’ ಎನ್ನುವುದಕ್ಕೂ ‘ನೇಟಿವ್‌ಗೆ ಹೋಗುತ್ತೇವೆ’ ಎನ್ನುವುದಕ್ಕೂ ಬಸ್ಸು ಒಂದೇ, ಇಳಿಯುವ ಜಾಗ ಮಾತ್ರ ಬೇರೆ. ಮೊದಲನೆಯವನು ಮನೆಗೆ ಇಳಿಯುತ್ತಾನೆ, ಎರಡನೆಯವನು ಅಪ್ಪನ ಮನೆಗೆ.

ಶಬ್ದ ಸೊರಗಿತೆಂದು ಗೋಳಾಡಬೇಕಿಲ್ಲ, ಅದು ಬೇರೆ ಕಡೆ ಚಿಗುರುತ್ತಿದೆ. ಬೆಂಗಳೂರನ್ನೇ ನೋಡಿ. ಬೇಗೂರಿನ ಸುಮಾರು 890ರ ವೀರಗಲ್ಲಿನಿಂದಲೂ ಹೆಸರಿನಲ್ಲಿ ಊರನ್ನು ಹೊತ್ತ ಜಾಗ ಅದು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಆ ‘ಊರು’ ಅಧಿಕೃತವಾಗಿ ಮರಳಿತು. ಆದರೆ ಹಬ್ಬ ಬಂತೆಂದರೆ ಬೆಂಗಳೂರಿನ ಅರ್ಧ ಜನ ‘ಊರಿಗೆ ಹೋಗ್ತಿದ್ದೀವಿ’ ಎಂದು ಮೆಜೆಸ್ಟಿಕ್‌ನಲ್ಲಿ ನಿಂತಿರುತ್ತಾರೆ. ದುಡಿಯುವುದು, ತೆರಿಗೆ ಕಟ್ಟುವುದು, ಮಕ್ಕಳನ್ನು ಓದಿಸುವುದು ಎಲ್ಲ ಇಲ್ಲಿ, ಊರು ಮಾತ್ರ ಬೇರೆ ಕಡೆ. ಊರೆಂದು ಕರೆಯದ ಜಾಗದ ಕೆರೆ ಹಾಳಾದರೆ ಜಗಳಕ್ಕೆ ನಿಲ್ಲುವವರು ಕಡಿಮೆ.

ಹಾಗಂತ ಇದು ಹೀಗೇ ಉಳಿಯುವುದಿಲ್ಲ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಹುಟ್ಟಿ ಅಮೆರಿಕಕ್ಕೆ ಹೋದವರು ಡಿಸೆಂಬರ್ ಬಂತೆಂದರೆ ‘ಊರಿಗೆ ಬರ್ತಿದ್ದೀವಿ’ ಎಂದು ಫೋನು ಮಾಡುತ್ತಾರೆ. ಅವರು ಹೇಳುವ ಊರು ಬೆಂಗಳೂರೇ. ಮಂಗಳೂರನ್ನು ಮುಂಬೈಯವರು ಊರಾಗಿಸಿದ ಹಾಗೆ ಬೆಂಗಳೂರನ್ನೂ ಅದರಿಂದ ಹೊರಟುಹೋದವರೇ ಊರಾಗಿಸುತ್ತಿದ್ದಾರೆ. ಇಲ್ಲೇ ಉಳಿದವರು ಇನ್ನೂ ಅದನ್ನು ‘ಸಿಟಿ’ ಎನ್ನುತ್ತಿದ್ದೇವೆ. ಆ ಶಬ್ದವನ್ನು ಹೋದವರಿಂದ ಎರವಲು ತಂದಾದರೂ ಬಳಸತೊಡಗಿದರೆ ಕೆರೆಗೂ ಮರಕ್ಕೂ ಒಬ್ಬ ವಾರಸುದಾರ ಸಿಕ್ಕಾನು.