ದೂರು ಬರುವ ಮೊದಲೇ ಹೊರಡುವವನು

ತೂಕ ಮತ್ತು ಅಳತೆಯ ಪ್ರಾಮಾಣಿಕತೆಯ ಕುರಿತು ಜುಮಾ ಖುತ್ಬಾ ನೀಡಿದ ದಿನ, ನಮಾಝ್ ಮುಗಿದ ಮೇಲೆ ಅಡಿಕೆ ವ್ಯಾಪಾರದ ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದರು. "ಉಸ್ತಾದ್, ತಕ್ಕಡಿಯ ವಿಷಯ ವರ್ಷಕ್ಕೆ ನಾಲ್ಕು ಸಲ ಹೇಳ್ತೀರಿ. ಒಳ್ಳೆಯದೇ. ಆದರೆ ತಕ್ಕಡಿಯೇ ಮುಟ್ಟದೆ, ಎ.ಸಿ. ಕೋಣೆಯಲ್ಲಿ ಕೂತು ಕೋಟಿ ನುಂಗುವವರಿಗೆ ದೀನಿನಲ್ಲಿ ಏನೂ ಇಲ್ವಾ?" ಎಂದು ಕೇಳಿದರು. ಅವರ ಮಾತಿನಲ್ಲಿ ಸ್ವಲ್ಪ ಸಿಟ್ಟೂ ಇತ್ತು. ಆ ದಿನ ನಿಂತಲ್ಲೇ ಹೇಳಿದ ಉತ್ತರ ಅರ್ಧದಷ್ಟೇ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದ ಘಟನೆ ನಮಗೆಲ್ಲ ಗೊತ್ತು. ಬೆರಳಿಗೆ ಒದ್ದೆ ತಾಗಿತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಅದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಪ್ರವಾದಿವರ್ಯರು ಕೇಳಿದರು. ವಂಚಿಸುವವನು ನಮ್ಮವನಲ್ಲ ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಇಲ್ಲಿ ಒಂದು ವಿಷಯ ಗಮನಿಸಬೇಕು. ಒದ್ದೆ ಧಾನ್ಯ ಮಾರಬಾರದು ಎಂದು ಅವರು ಹೇಳಲಿಲ್ಲ. ಅದನ್ನು ಅಡಿಯಲ್ಲಿ ಮುಚ್ಚಿಟ್ಟದ್ದು ಅಪರಾಧವಾಯಿತು. ಇಂದು ಸಾರ್ವಜನಿಕರಿಗೆ ಷೇರು ಮಾರಲು ಬರುವ ಕಂಪನಿ ತನ್ನ ಸಾಲ, ನಷ್ಟ, ಕೋರ್ಟು ವ್ಯಾಜ್ಯಗಳನ್ನು ಮೊದಲೇ ಬರೆದು ಪ್ರಕಟಿಸಬೇಕೆಂದು ಸೆಬಿ ಕಡ್ಡಾಯ ಮಾಡಿರುವುದರ ಹಿಂದೆಯೂ ಇದೇ ಮಾತಿದೆ.

ಆದರೆ ಹಿರಿಯರ ಪ್ರಶ್ನೆಗೆ ಸರಿಯಾದ ಉತ್ತರ ಇರುವುದು ಹಝ್ರತ್ ಉಮರ್(ರ) ಅವರ ಮನೆಯೊಳಗಿನ ಒಂದು ಪ್ರಕರಣದಲ್ಲಿ. ಇಮಾಮ್ ಮಾಲಿಕ್(ರ) ಅವರ 'ಮುವತ್ತಾ'ದಲ್ಲಿ ಇದು ದಾಖಲಾಗಿದೆ.

ಖಲೀಫಾರ ಇಬ್ಬರು ಮಕ್ಕಳು, ಅಬ್ದುಲ್ಲಾಹ್ ಮತ್ತು ಉಬೈದುಲ್ಲಾಹ್, ಸೈನ್ಯದೊಂದಿಗೆ ಇರಾಕ್‌ಗೆ ಹೋಗಿದ್ದರು. ಮರಳುವಾಗ ಬಸರಾದ ಗವರ್ನರ್ ಹಝ್ರತ್ ಅಬೂ ಮೂಸಾ ಅಲ್‌ಅಶ್ಅರಿ(ರ) ಅವರನ್ನು ಭೇಟಿಯಾದರು. ಅವರಿಗೆ ಏನಾದರೂ ಉಪಕಾರ ಮಾಡಬೇಕೆಂದು ಗವರ್ನರರಿಗೆ ಅನಿಸಿತು. ಮದೀನಾಕ್ಕೆ ಕಳುಹಿಸಬೇಕಾದ ಸರಕಾರಿ ಹಣ ಅವರ ಬಳಿ ಇತ್ತು. ಅದನ್ನು ಈ ಇಬ್ಬರಿಗೆ ಸಾಲವಾಗಿ ಕೊಟ್ಟು, ಇರಾಕಿನ ಸರಕು ಕೊಂಡು ಮದೀನಾದಲ್ಲಿ ಮಾರಿ, ಅಸಲನ್ನು ಖಲೀಫಾರಿಗೆ ಒಪ್ಪಿಸಿ, ಲಾಭ ಇಟ್ಟುಕೊಳ್ಳಿರಿ ಎಂದರು. ಹಾಗೆಯೇ ಆಯಿತು. ಸರಕು ಮಾರಾಟವಾಯಿತು, ಲಾಭವೂ ಬಂತು.

ಇದರಲ್ಲಿ ತಪ್ಪೇನು? ಅಸಲು ಪೂರ್ತಿ ಬಂದಿದೆ. ಬಡ್ಡಿಯಿಲ್ಲ. ಸರಕು ಹಲಾಲ್. ಬೈತುಲ್ ಮಾಲ್‌ಗೆ ಒಂದು ದಿರ್ಹಮ್ ನಷ್ಟವಿಲ್ಲ. ಇಂದಿನ ಯಾವುದಾದರೂ ಕಂಪನಿಯ ವಕೀಲರು ಈ ಕಡತ ನೋಡಿದ್ದರೆ ಎಲ್ಲವೂ ಕಾನೂನುಬದ್ಧವಾಗಿದೆ ಎಂದು ಸಹಿ ಹಾಕಿ ಕೊಡುತ್ತಿದ್ದರೇನೋ.

ಉಮರ್(ರ) ಕೇಳಿದ್ದು ಒಂದೇ ಪ್ರಶ್ನೆ: ಸೈನ್ಯದಲ್ಲಿದ್ದ ಎಲ್ಲರಿಗೂ ಅವರು ಹೀಗೆ ಸಾಲ ಕೊಟ್ಟರೇ? ಇಲ್ಲ ಎಂದರು ಮಕ್ಕಳು. ಹಾಗಾದರೆ ಇದು ಖಲೀಫಾರ ಮಕ್ಕಳೆಂದು ಕೊಟ್ಟದ್ದು. ಅಸಲೂ ಲಾಭವೂ ಬೈತುಲ್ ಮಾಲ್‌ಗೆ ಸೇರಲಿ ಎಂದು ಅವರು ಹೇಳಿದರು. ಅಬ್ದುಲ್ಲಾಹ್ ಸುಮ್ಮನಿದ್ದರು. ಉಬೈದುಲ್ಲಾಹ್ ವಾದ ಮಾಡಿದರು: ಹಣ ಕಳೆದುಹೋಗಿದ್ದರೆ ನಾವೇ ತುಂಬಿಕೊಡಬೇಕಿತ್ತಲ್ಲ? ಈ ವಾದಕ್ಕೂ ತೂಕವಿತ್ತು. ಕೊನೆಗೆ ಅಲ್ಲಿ ಕುಳಿತಿದ್ದ ಒಬ್ಬರು, ಇದನ್ನು ಬಂಡವಾಳ ಒಬ್ಬರದು, ದುಡಿಮೆ ಇನ್ನೊಬ್ಬರದು ಎಂಬ ಪಾಲುದಾರಿಕೆ, ಅಂದರೆ ಖಿರಾಝ್ ಎಂದು ಪರಿಗಣಿಸಬಹುದು ಎಂದು ಸೂಚಿಸಿದರು. ಖಲೀಫಾ ಒಪ್ಪಿದರು. ಅಸಲು ಮತ್ತು ಅರ್ಧ ಲಾಭ ಬೈತುಲ್ ಮಾಲ್‌ಗೆ, ಇನ್ನರ್ಧ ಮಕ್ಕಳಿಗೆ.

ಫಿಕ್‌ಹ್ ತರಗತಿಯಲ್ಲಿ ಇದನ್ನು ಖಿರಾಝ್‌ನ ಅಧ್ಯಾಯದಲ್ಲಿ ಓದುತ್ತೇವೆ, ಲಾಭ ಹಂಚಿಕೆಯ ಮಸ್ಅಲ ಎಂದು ಬರೆದುಕೊಂಡು ಮುಂದೆ ಹೋಗುತ್ತೇವೆ. ನಾನೂ ಹಾಗೆಯೇ ಓದಿದವನು. ಖಲೀಫಾ ಕೇಳಿದ ಪ್ರಶ್ನೆಯ ಕಡೆಗೆ ಗಮನ ಹೋದದ್ದು ಬಹಳ ವರ್ಷಗಳ ನಂತರ. ಹುದ್ದೆಯ ನೆರಳಿನಲ್ಲಿ ಸಿಗುವ ಲಾಭಕ್ಕೆ ಹಾನಿಗೊಳಗಾದವನು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಅದರ ಬಗ್ಗೆ ದೂರು ಕೊಡುವವನೂ ಇರುವುದಿಲ್ಲ.

ದೂರು ಕೊಡುವವನಿಲ್ಲದ ಇಂತಹ ಅಪರಾಧಗಳಿಗೆಂದೇ ಮುಂದೆ ಒಂದು ಹುದ್ದೆ ಬಲವಾಯಿತು. ಅದು ಮುಹ್ತಸಿಬ್‌ನ ಹುದ್ದೆ. 1058ರಲ್ಲಿ ನಿಧನರಾದ ಬಗ್ದಾದಿನ ವಿದ್ವಾಂಸ ಅಲ್ ಮಾವರ್ದಿ ತಮ್ಮ 'ಅಲ್ ಅಹ್ಕಾಮುಸ್ಸುಲ್ತಾನಿಯ್ಯ' ಗ್ರಂಥದಲ್ಲಿ ಖಾಝಿಗೂ ಮುಹ್ತಸಿಬ್‌ಗೂ ಇರುವ ವ್ಯತ್ಯಾಸವನ್ನು ವಿವರಿಸಿದ್ದಾರೆ. ಖಾಝಿ ತನ್ನ ಮುಂದೆ ಫಿರ್ಯಾದಿ ಬರುವವರೆಗೆ ಕಾಯುತ್ತಾನೆ. ಮುಹ್ತಸಿಬ್ ಕಾಯಬೇಕಾಗಿಲ್ಲ, ತಾನೇ ಮಾರುಕಟ್ಟೆಗೆ ಹೋಗಿ ತಪಾಸಣೆ ಮಾಡಬಹುದು. ಹಾಗೆಂದು ಮನೆಗಳೊಳಗೆ ಇಣುಕುವ ಅಧಿಕಾರ ಅವನಿಗಿರಲಿಲ್ಲ.

12ನೇ ಶತಮಾನದಲ್ಲಿ ಅಶ್ಶೈಝರಿ ಎಂಬವರು ಮುಹ್ತಸಿಬ್‌ಗಳಿಗಾಗಿ ಒಂದು ಕೈಪಿಡಿಯನ್ನೇ ಬರೆದರು. ರೊಟ್ಟಿಯವರು ಹಿಟ್ಟಿಗೆ ಏನು ಬೆರೆಸುತ್ತಾರೆ, ಔಷಧಿಯವರು ಏನು ಬೆರೆಸುತ್ತಾರೆ ಎಂದೆಲ್ಲ ಕಸುಬು ಕಸುಬಾಗಿ ಅದರಲ್ಲಿದೆ. ನನಗೆ ಹೆಚ್ಚು ಹಿಡಿಸಿದ್ದು ಅವರ ವಿನಯ. ಎಲ್ಲ ಕಸುಬಿನ ಮೋಸವನ್ನೂ ಒಬ್ಬನೇ ಅರಿಯಲಾರ; ಆದ್ದರಿಂದ ಪ್ರತಿ ಕಸುಬಿನಿಂದಲೂ ಅದರ ಒಳಹೊರಗು ಬಲ್ಲ, ನಂಬಿಕಸ್ಥನಾದ ಒಬ್ಬ 'ಅರೀಫ್'ನನ್ನು ನೇಮಿಸಿಕೊಳ್ಳಬೇಕು ಎನ್ನುತ್ತಾರೆ.

ಈ ವ್ಯವಸ್ಥೆಯೂ ಕೆಟ್ಟಿತು ಎಂಬುದನ್ನು ಮುಚ್ಚಿಡಬಾರದು. ಇತಿಹಾಸಕಾರ ಅಲ್ ಮಖ್ರೀಝಿ 1399ರಲ್ಲಿ ಕೈರೋದ ಮುಹ್ತಸಿಬ್ ಆಗಿ ನೇಮಕಗೊಂಡವರು. ಕೆಲವೇ ವರ್ಷಗಳ ನಂತರ ಈಜಿಪ್ಟಿಗೆ ಬರಗಾಲ ಬಂತು. ಅದರ ಕಾರಣಗಳನ್ನು ಹುಡುಕುತ್ತಾ ಅವರು ಬರೆದ ಪುಸ್ತಕದಲ್ಲಿ ಭೂಮಿಯ ಗೇಣಿ ಏರಿದ್ದೂ ಇದೆ, ತಾಮ್ರದ ನಾಣ್ಯಗಳ ಹಾವಳಿಯೂ ಇದೆ. ಆದರೆ ಎಲ್ಲಕ್ಕಿಂತ ಮೊದಲು ಅವರು ಇಟ್ಟದ್ದು ಹುದ್ದೆಗಳ ಮಾರಾಟವನ್ನು. ಖಾಝಿ, ಮುಹ್ತಸಿಬ್ ಹುದ್ದೆಗಳೂ ಲಂಚಕ್ಕೆ ಸಿಗುತ್ತಿದ್ದವು. ಸಾಲ ಮಾಡಿ ಹುದ್ದೆ ಕೊಂಡವನು ಅದನ್ನು ಜನರಿಂದಲೇ ವಸೂಲಿ ಮಾಡಬೇಕಲ್ಲ? ತಕ್ಕಡಿ ನೋಡಬೇಕಾದವನೇ ತಕ್ಕಡಿಯವನ ಪಾಲುದಾರನಾದ.

ಈಗ ನಮ್ಮ ಕಾಲಕ್ಕೆ ಬರೋಣ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಕುಟುಂಬಗಳು ದೂರು ಬರೆದು ಸಾಲಿನಲ್ಲಿ ನಿಂತದ್ದನ್ನು ಮರೆತಿಲ್ಲ. ಅವರಲ್ಲಿ ಹೆಚ್ಚಿನವರು ನಮ್ಮವರೇ, ಹಲಾಲ್ ಆದಾಯವೆಂದು ನಂಬಿ ಹಣ ಹಾಕಿದವರು. ದೂರು ಬರುವಷ್ಟರಲ್ಲಿ ಹಣ ಹೋಗಿತ್ತು. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂದದ್ದೂ ಅದೇ ವರ್ಷ.

ಸರಕಾರವನ್ನೋ ಕಂಪನಿಯನ್ನೋ ಬೈಯುವುದು ಸುಲಭ. ನನ್ನದೂ ಒಂದು ಪಾಲಿದೆ. ಅದಕ್ಕೂ ಹಿಂದೆ, ಬೇರೊಂದು ಸಣ್ಣ ಯೋಜನೆಯ ಕರಪತ್ರ ಹಿಡಿದು ಬೀಡಿ ಕಟ್ಟುವ ಒಬ್ಬ ತಾಯಿ ನನ್ನ ಬಳಿ ಬಂದಿದ್ದರು. ಮಗಳ ಮದುವೆಗೆ ಕೂಡಿಟ್ಟ ಹಣ. "ಇದು ಹಲಾಲಾ ಉಸ್ತಾದ್?" ಎಂದು ಕೇಳಿದರು. ಕರಪತ್ರದಲ್ಲಿ ಮುದಾರಬ ಎಂಬ ಪದವಿತ್ತು, ಲಾಭ ನಷ್ಟದಲ್ಲಿ ಪಾಲು ಎಂದಿತ್ತು. ಕ್ರಮ ಸರಿಯಾಗಿದೆ ಎಂದೆ. ಆ ಹಣ ಎಲ್ಲಿ ವ್ಯಾಪಾರವಾಗುತ್ತದೆ, ಲೆಕ್ಕ ಪರಿಶೋಧಿಸುವವರು ಯಾರು, ಯಾವ ಇಲಾಖೆಯಲ್ಲಿ ನೋಂದಣಿಯಾಗಿದೆ ಎಂದು ನಾನು ಕೇಳಲಿಲ್ಲ. ರಾಶಿಯ ಮೇಲ್ಭಾಗ ಮಾತ್ರ ನೋಡಿದೆ, ಕೈ ಹಾಕಲಿಲ್ಲ. ಎರಡು ವರ್ಷದೊಳಗೆ ಆ ಕಛೇರಿಗೆ ಬೀಗ ಬಿತ್ತು. ಆ ತಾಯಿ ಇಂದಿಗೂ ನನಗೆ ಸಲಾಂ ಹೇಳುತ್ತಾರೆ. ಒಂದು ದಿನವೂ ಆ ವಿಷಯ ಎತ್ತಿದವರಲ್ಲ.

ಈಗ ಅಂತಹ ಕಾಗದ ಯಾರಾದರೂ ತಂದರೆ, ಫಿಕ್‌ಹ್‌ನ ಭಾಗವನ್ನು ಮಾತ್ರ ನಾನು ನೋಡುತ್ತೇನೆ. ಉಳಿದದ್ದಕ್ಕೆ ನಮ್ಮ ಜಮಾಅತಿನಲ್ಲಿ ಸಿ.ಎ. ಮಾಡಿರುವ ಯುವಕನೊಬ್ಬನ ಬಳಿ ಕಳುಹಿಸುತ್ತೇನೆ. ಅಸರ್ ನಮಾಝಿನ ನಂತರ ಅವನು ಮಸೀದಿಯ ಹೊರ ಜಗಲಿಯಲ್ಲಿ ಕೂರುತ್ತಾನೆ. ಕಾಗದ ಕೈಗೆ ಬಂದೊಡನೆ ಮೊದಲು ಕೇಳುವುದು ಬ್ಯಾಲೆನ್ಸ್ ಶೀಟ್. ಬಂದವರಲ್ಲಿ ಅರ್ಧದಷ್ಟು ಜನರ ಬಳಿ ಅದು ಇರುವುದಿಲ್ಲ. ಅಡಿಕೆ ವ್ಯಾಪಾರದ ಆ ಹಿರಿಯರೂ ಮೊನ್ನೆ ಒಂದು ಕಾಗದ ಹಿಡಿದು ಅಲ್ಲಿಗೆ ಬಂದಿದ್ದರು.