ಜಿಅ್‌ರಾನದ ಆವರಣದಲ್ಲಿ ಕೇಳಿಸಿಕೊಂಡ ದೂರು

ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವ ದಿನ ಎಷ್ಟೋ ಸಲ ಜಗಳವೇ ಆಗುವುದಿಲ್ಲ. ಹಿರಿಯರು ಹೇಳಿದ್ದಕ್ಕೆ ಎಲ್ಲರೂ ತಲೆಯಾಡಿಸಿ, ಚಹಾ ಕುಡಿದು ಏಳುತ್ತಾರೆ. ವರ್ಷ ಕಳೆಯುವುದರೊಳಗೆ ಒಬ್ಬನ ಮಗಳ ನಿಕಾಹ್‌ಗೆ ಇನ್ನೊಬ್ಬ ಬರುವುದಿಲ್ಲ. ಜಮಾಅತ್ ಸಭೆಗಳಲ್ಲೂ ಹೀಗಾಗುವುದುಂಟು. ಒಳಗೆ ಎಲ್ಲರದೂ ಒಪ್ಪಿಗೆ, ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಗೊಣಗಾಟ. ಸಿಕ್ಕ ಪಾಲು ಸಣ್ಣದಾಯಿತೆಂಬ ನೋವು ಕಾಲಕ್ರಮೇಣ ಮಾಸುತ್ತದೆ. ತನ್ನ ಮಾತನ್ನು ಯಾರೂ ಕೇಳಲಿಲ್ಲ ಎಂಬ ನೋವು ಮಾಸುವುದಿಲ್ಲ.

ಇಂಥದೇ ಒಂದು ಗೊಣಗಾಟ ಪ್ರವಾದಿ ಮುಹಮ್ಮದ್(ಸ)ರ ಸಂಗಾತಿಗಳ ನಡುವೆಯೂ ಎದ್ದಿತ್ತು. ಅದು ಹಿಜರಿ 8ರ (ಕ್ರಿ.ಶ. 630) ಘಟನೆ. ನಡೆದದ್ದು ಮಕ್ಕಾದಿಂದ 20 ಕಿ.ಮೀ.ಗಿಂತ ತುಸು ಹೆಚ್ಚು ದೂರದಲ್ಲಿರುವ ಜಿಅ್‌ರಾನದಲ್ಲಿ. ಇಂದಿಗೂ ಅನೇಕ ಯಾತ್ರಿಕರು ಅಲ್ಲಿಗೆ ಹೋಗಿ ಉಮ್ರಾಕ್ಕೆ ಇಹ್ರಾಮ್ ಕಟ್ಟಿ ಬರುತ್ತಾರೆ.

ಆ ವರ್ಷದ ರಮಝಾನ್‌ನಲ್ಲಿ ಮಕ್ಕಾ ವಿಜಯವಾಯಿತು. ಪ್ರವಾದಿ(ಸ)ರು ತಮ್ಮ ಹುಟ್ಟೂರಿಗೆ ಕ್ಷಮೆ ಘೋಷಿಸಿದರು. ಅದನ್ನು ಕಂಡ ಮದೀನಾದ ಅನ್ಸಾರ್‌ಗಳ ಮನಸ್ಸಿನಲ್ಲಿ ಒಂದು ಅಳುಕು ಹುಟ್ಟಿತು. ತಮ್ಮ ಊರು, ತಮ್ಮ ಜನ ಕೈಗೆ ಬಂದ ಮೇಲೆ ಇವರು ಇನ್ನು ನಮ್ಮ ಜೊತೆ ಮರಳುವರೇ? ಅವರು ತಮ್ಮತಮ್ಮಲ್ಲೇ ಹೀಗೆ ಆಡಿಕೊಂಡದ್ದು ಪ್ರವಾದಿ(ಸ)ರಿಗೆ ತಿಳಿಯಿತು. ತಮ್ಮ ಬದುಕೂ ಮರಣವೂ ಅನ್ಸಾರ್‌ಗಳ ಜೊತೆಯೇ ಎಂದು ಅವರು ಆಗಲೇ ಭರವಸೆ ಕೊಟ್ಟರು. ಆದರೆ ಅಳುಕು ಒಂದೇ ಮಾತಿಗೆ ಪೂರ್ತಿ ಹೋಗುವಂಥದಲ್ಲ.

ಮುಂದಿನ ತಿಂಗಳು ಹುನೈನ್ ಕಣಿವೆಯಲ್ಲಿ ಹವಾಝಿನ್ ಗೋತ್ರದೊಂದಿಗೆ ಯುದ್ಧ ನಡೆಯಿತು. ಮದೀನಾದಿಂದ ಬಂದಿದ್ದ 10,000 ಮಂದಿಯ ಜೊತೆಗೆ ಮಕ್ಕಾದ ಸುಮಾರು 2,000 ಮಂದಿಯೂ ಸೇರಿದ್ದರು. ಬೆಳಗಿನ ಮಬ್ಬಿನಲ್ಲಿ ಬಾಣಗಳ ಮಳೆ ಸುರಿದಾಗ ಸೇನೆ ಚದುರಿಹೋಯಿತು. ಆಗ ಹಝ್ರತ್ ಅಬ್ಬಾಸ್(ರ) ತಮ್ಮ ಗಟ್ಟಿ ದನಿಯಲ್ಲಿ ಕೂಗಿ ಕರೆದರು. ಆ ಕರೆಗೆ ಓಗೊಟ್ಟು ತಿರುಗಿ ಬಂದವರಲ್ಲಿ ಅನ್ಸಾರ್‌ಗಳು ಮುಂದಿದ್ದರು. ಯುದ್ಧದ ದಿಕ್ಕೇ ಬದಲಾಯಿತು.

ಗೆಲುವಿನ ನಂತರ ಕೈಗೆ ಬಂದ ಸೊತ್ತು ಅಷ್ಟಿಷ್ಟಲ್ಲ. ಸುಮಾರು 6,000 ಸೆರೆಯಾಳುಗಳು, 24,000 ಒಂಟೆಗಳು, 40,000ಕ್ಕೂ ಹೆಚ್ಚು ಆಡುಕುರಿಗಳು, 4,000 ಊಖಿಯಾ ಬೆಳ್ಳಿ ಎಂದು ಚರಿತ್ರೆಕಾರರು ಬರೆದಿದ್ದಾರೆ. ಇದರಿಂದ ಪ್ರವಾದಿ(ಸ)ರು ಮಕ್ಕಾದ ಮತ್ತು ಮರುಭೂಮಿ ಗೋತ್ರಗಳ ಮುಖಂಡರಿಗೆ ಕೈತುಂಬ ಕೊಟ್ಟರು. ಅಬೂ ಸುಫ್ಯಾನ್, ಸಫ್ವಾನ್ ಬಿನ್ ಉಮಯ್ಯ, ಅಖ್ರಅ್ ಬಿನ್ ಹಾಬಿಸ್ ಮೊದಲಾದವರಿಗೆ ತಲಾ 100 ಒಂಟೆಗಳು. ನಿನ್ನೆ ಮೊನ್ನೆಯವರೆಗೆ ಎದುರು ಪಾಳೆಯದಲ್ಲಿದ್ದವರ ಹೃದಯಗಳನ್ನು ಇಸ್ಲಾಮಿಗೆ ಹತ್ತಿರ ಮಾಡುವುದು ಅದರ ಉದ್ದೇಶವಾಗಿತ್ತು. ಅನ್ಸಾರ್‌ಗಳಿಗೆ ಈ ಕೊಡುಗೆಗಳಲ್ಲಿ ಏನೂ ಸಿಗಲಿಲ್ಲ.

ಅವರಲ್ಲಿನ ಯುವಕರು ಗುಸುಗುಸು ಆರಂಭಿಸಿದರು. ನಮ್ಮ ಖಡ್ಗಗಳ ಮೇಲಿನ ರಕ್ತ ಇನ್ನೂ ಆರಿಲ್ಲ, ಕೊಡುಗೆಯೆಲ್ಲ ಕುರೈಶರಿಗೆ ಎಂಬ ಮಾತು ಡೇರೆಯಿಂದ ಡೇರೆಗೆ ಹರಿಯಿತು. ಬಾಯಲ್ಲಿ ಒಂಟೆಗಳ ಲೆಕ್ಕವಿತ್ತು. ಅದರ ಕೆಳಗೆ ಇದ್ದದ್ದು ಮಕ್ಕಾದಲ್ಲಿ ಹುಟ್ಟಿದ್ದ ಅದೇ ಅಳುಕು: ಇವರಿಗೆ ನಾವು ಇನ್ನು ಬೇಕಿಲ್ಲವೇ?

ಖಝ್ರಜ್‌ನ ಮುಖಂಡ ಸಅದ್ ಬಿನ್ ಉಬಾದಾ(ರ) ಆ ಗುಸುಗುಸುವಿಗೆ ದನಿಗೂಡಿಸುತ್ತ ಕೂರಲಿಲ್ಲ. ನೇರವಾಗಿ ಪ್ರವಾದಿ(ಸ)ರ ಬಳಿಗೇ ಹೋಗಿ, ತಮ್ಮ ಜನರಿಗೆ ಬೇಸರವಾಗಿದೆ, ಅದರ ಕಾರಣ ಈ ಹಂಚಿಕೆ ಎಂದು ತಿಳಿಸಿದರು. ಈ ವಿಷಯದಲ್ಲಿ ನಿಮ್ಮ ನಿಲುವೇನೆಂದು ಪ್ರವಾದಿ(ಸ)ರು ಕೇಳಿದಾಗ, ನಾನೂ ನನ್ನ ಜನರಲ್ಲಿ ಒಬ್ಬನೇ ಎಂದು ಒಪ್ಪಿಕೊಂಡರು. "ಜನ ಹಾಗೆ ಹೇಳುತ್ತಾರೆ, ನನಗೇನೂ ಇಲ್ಲ" ಎಂದು ಜಾರಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಅವರು ಹಾಗೆ ಮಾಡಲಿಲ್ಲ.

ಪ್ರವಾದಿ(ಸ)ರು ಇದಕ್ಕಾಗಿ ಅವರ ಮೇಲೆ ಕೋಪಿಸಿಕೊಳ್ಳಲಿಲ್ಲ. ಅನ್ಸಾರ್‌ಗಳನ್ನೆಲ್ಲ ಒಂದು ಆವರಣದಲ್ಲಿ ಸೇರಿಸಲು ಹೇಳಿದರು. ಇತರರು ಒಳಬರಲು ನೋಡಿದಾಗ ಕೆಲವರನ್ನು ಬಿಟ್ಟು ಉಳಿದವರನ್ನು ಹಿಂದಕ್ಕೆ ಕಳುಹಿಸಲಾಯಿತು. ನೊಂದವರ ಮಾತು ಸಂತೆಯ ನಡುವೆ ಆಗಬಾರದಲ್ಲವೇ? ತಮ್ಮ ಕಿವಿಗೆ ಬಿದ್ದದ್ದು ನಿಜವೇ ಎಂದು ಪ್ರವಾದಿ(ಸ)ರು ಮೊದಲು ವಿಚಾರಿಸಿದರು. ನಮ್ಮ ಹಿರಿಯರು ಏನೂ ಹೇಳಿಲ್ಲ, ಎಳೆಯರು ಹೀಗೆ ಮಾತಾಡಿದ್ದಾರೆ ಎಂದು ಅನ್ಸಾರ್‌ಗಳು ಮುಚ್ಚಿಡದೆ ಹೇಳಿದರು.

ಆಮೇಲೆ ಪ್ರವಾದಿ(ಸ)ರು ಹಳೆಯದನ್ನು ನೆನಪಿಸಿದರು. ದಾರಿ ತಪ್ಪಿದ್ದವರಿಗೆ ಅಲ್ಲಾಹನು ಸನ್ಮಾರ್ಗ ತೋರಿದ್ದು, ಬಡವರಿಗೆ ಸಂಪತ್ತು ಕೊಟ್ಟದ್ದು, ಪರಸ್ಪರ ಶತ್ರುಗಳಾಗಿದ್ದವರ ಹೃದಯ ಬೆಸೆದದ್ದು. ಈ ಕೊನೆಯ ಮಾತಿನ ತೂಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಿಜ್ರಾಕ್ಕೆ ಕೆಲವೇ ವರ್ಷಗಳ ಮುಂಚೆ ಔಸ್ ಮತ್ತು ಖಝ್ರಜ್‌ಗಳು ಬುಆಸ್ ಯುದ್ಧದಲ್ಲಿ ಒಬ್ಬರನ್ನೊಬ್ಬರು ಕೊಂದವರು. ಅವರು ಎಲ್ಲದಕ್ಕೂ ಹೌದೆಂದು ತಲೆತಗ್ಗಿಸಿದರು.

ನಾವಾಗಿದ್ದರೆ ಮಾತನ್ನು ಅಲ್ಲಿಗೇ ಮುಗಿಸುತ್ತಿದ್ದೆವು. ಎದುರಿನವರು ಸುಮ್ಮನಾದರೆ ಗೆದ್ದೆವೆಂದೇ ನಮ್ಮ ಲೆಕ್ಕ. ಪ್ರವಾದಿ(ಸ)ರು ಮಾತ್ರ, ನನಗೆ ಉತ್ತರ ಕೊಡುವುದಿಲ್ಲವೇ ಎಂದು ಕೇಳಿದರು. ಏನೆಂದು ಉತ್ತರಿಸಲಿ ಎಂದು ಅವರು ತಡವರಿಸಿದಾಗ, ಅವರ ಪರವಾಗಿ ತಾವೇ ವಾದ ಮಂಡಿಸಿದರು. ಜನರು ಸುಳ್ಳನೆಂದು ಕರೆದಾಗ ನನ್ನನ್ನು ನಂಬಿದವರು ನೀವು, ಎಲ್ಲರೂ ಕೈಬಿಟ್ಟಾಗ ನೆರವಾದವರು ನೀವು, ಊರಿಂದ ಹೊರದಬ್ಬಿದಾಗ ಆಶ್ರಯ ಕೊಟ್ಟವರು ನೀವು. ಹೀಗೆಂದು ನೀವು ಹೇಳಬಹುದಿತ್ತು, ಹೇಳಿದ್ದರೆ ಅದು ಸತ್ಯವೇ ಆಗುತ್ತಿತ್ತು ಎಂದರು. ಹೇಳಲು ನಾಚಿಕೆಪಟ್ಟು ಅವರು ಎದೆಯಲ್ಲೇ ಇಟ್ಟುಕೊಂಡಿದ್ದ ಮಾತುಗಳು ಪ್ರವಾದಿ(ಸ)ರ ಬಾಯಿಂದಲೇ ಬಂದವು.

ಅದಾದ ನಂತರವೇ ಹಂಚಿಕೆಯ ಕಾರಣ ವಿವರಿಸಿದರು. ಹೊಸಬರ ಮನಸ್ಸು ಒಲಿಸಲು ಅವರಿಗೆ ಸೊತ್ತು ಕೊಟ್ಟೆ, ನಿಮ್ಮನ್ನು ನಿಮ್ಮ ವಿಶ್ವಾಸಕ್ಕೇ ಬಿಟ್ಟೆ. ಅವರು ಆಡು, ಒಂಟೆಗಳೊಂದಿಗೆ ಮನೆಗೆ ಹೋಗುವಾಗ ನೀವು ಅಲ್ಲಾಹನ ಸಂದೇಶವಾಹಕನೊಂದಿಗೆ ಹೋಗುವುದು ನಿಮಗೆ ಸಾಲದೇ ಎಂದು ಕೇಳಿದರು. ಅನ್ಸಾರ್‌ಗಳಿಗಾಗಿ, ಅವರ ಮಕ್ಕಳಿಗಾಗಿ, ಮೊಮ್ಮಕ್ಕಳಿಗಾಗಿ ದುಆ ಮಾಡಿದರು. ಗಡ್ಡ ತೋಯುವಷ್ಟು ಅತ್ತ ಆ ಜನ, ನಮ್ಮ ಪಾಲು ನಮಗೆ ತೃಪ್ತಿ ತಂದಿದೆ ಎನ್ನುತ್ತ ಎದ್ದರು.

ಹಂಚಿಕೆಯಲ್ಲಿ ಒಂದು ಒಂಟೆಯೂ ಅತ್ತಿತ್ತ ಆಗಲಿಲ್ಲ ಎಂಬುದನ್ನು ಗಮನಿಸಿ. ತೀರ್ಮಾನ ಹಾಗೆಯೇ ಉಳಿದು ಮನಸ್ಸು ಮಾತ್ರ ತಿಳಿಯಾಯಿತು.

ಅದೇ ಜಿಅ್‌ರಾನದಲ್ಲಿ ಇನ್ನೊಂದು ಘಟನೆ ನಡೆಯಿತು. ಸೋತ ಹವಾಝಿನ್‌ನವರು ಬರಬಹುದೆಂದು ಪ್ರವಾದಿ(ಸ)ರು ಹತ್ತಕ್ಕೂ ಹೆಚ್ಚು ರಾತ್ರಿ ಕಾದಿದ್ದರು. ಕೊನೆಗೆ ಅವರು ಮುಸ್ಲಿಮರಾಗಿ ಬಂದರು. ಪ್ರವಾದಿ(ಸ)ರಿಗೆ ಹಾಲೂಡಿಸಿದ ಹಲೀಮಾ ಅವರ ಬನೂ ಸಅದ್ ಮನೆತನವೂ ಇದೇ ಗೋತ್ರಕ್ಕೆ ಸೇರಿದ್ದು. ಸೊತ್ತು ಬೇಕೋ, ನಿಮ್ಮವರು ಬೇಕೋ ಎಂದು ಕೇಳಿದಾಗ ಅವರು ತಮ್ಮ ಹೆಂಗಸರು ಮಕ್ಕಳನ್ನೇ ಆರಿಸಿಕೊಂಡರು. ಆದರೆ ಸೆರೆಯಾಳುಗಳು ಆಗಲೇ ಯೋಧರ ಪಾಲಾಗಿದ್ದರು. ಬಿಟ್ಟುಕೊಡುವಿರಾ ಎಂದು ಪ್ರವಾದಿ(ಸ)ರು ಕೇಳಿದ ಕೂಡಲೇ ಜನ ಒಕ್ಕೊರಲಿನಿಂದ ಒಪ್ಪಿದೆವೆಂದು ಕೂಗಿದರು. ಆ ಕೂಗನ್ನು ಪ್ರವಾದಿ(ಸ)ರು ಒಪ್ಪಿಗೆಯೆಂದು ತೆಗೆದುಕೊಳ್ಳಲಿಲ್ಲ. ನಿಮ್ಮಲ್ಲಿ ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂದು ಇದರಿಂದ ತಿಳಿಯದು, ಹಿಂದಿರುಗಿ ನಿಮ್ಮ ಪ್ರತಿನಿಧಿಗಳ ಮೂಲಕ ತಿಳಿಸಿ ಎಂದರು. ಪ್ರತಿನಿಧಿಗಳು ತಮ್ಮತಮ್ಮ ಜನರೊಡನೆ ಮಾತಾಡಿ ಬಂದು ಎಲ್ಲರೂ ಮನಃಪೂರ್ವಕ ಒಪ್ಪಿದ್ದಾರೆಂದು ಹೇಳಿದ ಮೇಲೆಯೇ ಸೆರೆಯಾಳುಗಳ ಬಿಡುಗಡೆಯಾಯಿತು.

ಒಂದು ಕಡೆ ಮೌನ, ಇನ್ನೊಂದು ಕಡೆ ಗದ್ದಲ. ಎರಡನ್ನೂ ಪ್ರವಾದಿ(ಸ)ರು ಸಮ್ಮತಿಯೆಂದು ಎಣಿಸಲಿಲ್ಲ. ನಮ್ಮ ರಾಜಿ ಪಂಚಾಯಿತಿಗಳು ಸೋಲುವುದು ಇಲ್ಲಿಯೇ. ಸೊಸೆ ಸುಮ್ಮನಿದ್ದರೆ ಒಪ್ಪಿದ್ದಾಳೆ ಎನ್ನುತ್ತೇವೆ. ಸಹೋದರಿ ತನ್ನ ಪಾಲು ಕೇಳದಿದ್ದರೆ ಬಿಟ್ಟುಕೊಟ್ಟಿದ್ದಾಳೆ ಎನ್ನುತ್ತೇವೆ. ಸಭೆಯಲ್ಲಿ ನಾಲ್ಕು ಮಂದಿ ಜೋರಾಗಿ ಹೂಂಗುಟ್ಟಿದರೆ ಸರ್ವಾನುಮತ ಎಂದು ಬರೆದುಕೊಳ್ಳುತ್ತೇವೆ.

ಈ ಘಟನೆಯನ್ನು ನಮಗೆ ತಲುಪಿಸಿದವರಲ್ಲಿ ಅನಸ್ ಬಿನ್ ಮಾಲಿಕ್(ರ), ಅಬೂ ಸಈದ್ ಅಲ್ ಖುದ್ರಿ(ರ) ಇದ್ದಾರೆ. ಇಬ್ಬರೂ ಅನ್ಸಾರ್‌ಗಳೇ. ತಮ್ಮವರು ಮುನಿಸಿಕೊಂಡ ಕಥೆಯನ್ನು ಅವರು ಮುಚ್ಚಿಡಲಿಲ್ಲ, ಏಕೆಂದರೆ ಅದು ಅವರ ಪಾಲಿಗೆ ಅವಮಾನವಾಗಿ ಉಳಿಯಲೇ ಇಲ್ಲ. ಕೊಟ್ಟ ಮಾತಿನಂತೆ ಪ್ರವಾದಿ(ಸ)ರು ಅವರೊಂದಿಗೇ ಮದೀನಾಕ್ಕೆ ಮರಳಿದರು. ಹಿಜರಿ 11ರಲ್ಲಿ ಅವರ ನಡುವೆಯೇ ಕೊನೆಯುಸಿರೆಳೆದು ಅಲ್ಲಿಯೇ ದಫನಾದರು.

ಈ ವಾರ ಮನೆಯಲ್ಲಿ ಯಾರಾದರೂ ಮುನಿದು ಸುಮ್ಮನಿದ್ದರೆ, ಅವರ ಬಳಿ ಹೋಗಿ ಕುಳಿತುಕೊಳ್ಳೋಣ. ಅವರು ಹೇಳಬಹುದಾದ ಸತ್ಯವನ್ನು ಮೊದಲು ನಾವೇ ಹೇಳೋಣ. ನಮ್ಮ ಕಾರಣಗಳನ್ನು ಆಮೇಲೆ ವಿವರಿಸೋಣ. ನಮ್ಮ ಹೃದಯಗಳನ್ನು ಅಲ್ಲಾಹನು ಬೆಸೆಯಲಿ, ಕೇಳಿಸಿಕೊಳ್ಳುವ ತಾಳ್ಮೆಯನ್ನು ನಮಗೆ ಅನುಗ್ರಹಿಸಲಿ. ಆಮೀನ್.