ಮಾನ್ಯಖೇಟದ ಮುದ್ರೆ, ಕೊಳನೂರಿನ ಶಿಲೆ

ಕಾಗಿಣಾ ನದಿಯ ದಂಡೆಯ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಕಾಲದಲ್ಲಿ, ಅಲ್ಲಿಂದ ಹೊರಟ ರಾಜಾಜ್ಞೆಯು ಅರಸನನ್ನು ಕಣ್ಣಾರೆ ಕಾಣದ ದೂರದ ಗ್ರಾಮಗಳಲ್ಲಿಯೂ ಸಾಚಾ ಎಂದು ಅಂಗೀಕೃತವಾಗಬೇಕಾಗಿದ್ದಿತು. ಇದಕ್ಕೆ ಸಾಧನವಾಗಿದ್ದುದು ತಾಮ್ರಶಾಸನ. 871ರಲ್ಲಿ ರಾಷ್ಟ್ರಕೂಟ ಅರಸ ಅಮೋಘವರ್ಷನು ಹೊರಡಿಸಿದ ಸಂಜಾನದ ತಾಮ್ರಪಟಗಳಂತೆ ಬಹುಮಟ್ಟಿಗೆ ಮೂರು ಹಲಗೆಗಳನ್ನು ಮಾಡಿ, ಅಕ್ಷರಗಳು ಸವೆಯದಂತೆ ಅಂಚುಗಳನ್ನು ಮೇಲೆತ್ತಿ, ರಂಧ್ರದಲ್ಲಿ ಬಳೆಯೊಂದನ್ನು ಪೋಣಿಸಿ, ಅದರ ತುದಿಗಳನ್ನು ರಾಜಮುದ್ರೆಯ ಅಡಿಯಲ್ಲಿ ಬೆಸೆಯುತ್ತಿದ್ದರು. ಬಳೆಯನ್ನು ಕತ್ತರಿಸದೆ ಒಂದು ಹಲಗೆಯನ್ನೂ ಬದಲಿಸುವಂತಿರಲಿಲ್ಲ.

ಆದರೆ ತಾಮ್ರವೂ ಕಳೆದುಹೋದೀತು, ಕರಗಿಹೋದೀತು. ಆಗ ಏನು ಮಾಡತಕ್ಕದ್ದು? ಲೇಖ್ಯವು ನಷ್ಟವಾದರೆ, ಅಳಿಸಿಹೋದರೆ, ಅಪಹೃತವಾದರೆ, ಸುಟ್ಟರೆ, ಹರಿದರೆ ಬೇರೊಂದು ಲೇಖ್ಯವನ್ನು ಮಾಡಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಶಹಾಬಾದದ ಸಮೀಪದ ಮರತೂರಿನ ಜನರು ಅವನನ್ನು ತಮ್ಮ ಊರಿನವನೆಂದೇ ಗೌರವಿಸುತ್ತಾರೆ. ಈ ವಿಧಿಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ತೋರುವುದು ಅದರ ಮಿತಿ. ನಷ್ಟವಾದ ಪತ್ರಕ್ಕೆ ಬದಲಿಯುಂಟು. ಸುಳ್ಳೆಂದು ಸಿದ್ಧವಾದ ಪತ್ರಕ್ಕಿಲ್ಲ. ಮಧುಬನದ ತಾಮ್ರಶಾಸನದಲ್ಲಿ ಹರ್ಷವರ್ಧನನು, ಕೂಟಶಾಸನವೊಂದರ ಬಲದಿಂದ ಒಬ್ಬನು ಅನುಭವಿಸುತ್ತಿದ್ದ ಗ್ರಾಮವನ್ನು ಹಿಂದೆಗೆದು, ಆ ಹಲಗೆಯನ್ನೇ ಒಡೆಯಿಸಿದ ಸಂಗತಿಯನ್ನು ಹೇಳಿದ್ದಾನೆ.

ಇಂದಿನ ಕಚೇರಿಗಳ ನೆಟ್‌ವರ್ಕ್ ಸ್ವಿಚ್ಚುಗಳೂ ಇದೇ ವಿವೇಕವನ್ನು ಪಾಲಿಸುತ್ತವೆ. ಒಳಬರಲು ಬಂದವನು ಯಾರೆಂಬುದನ್ನೂ ಅವನ ಬಳಕೆಯ ಲೆಕ್ಕವನ್ನೂ ಸ್ವಿಚ್ಚು, ಗುರುತನ್ನು ಪರಿಶೀಲಿಸುವ ರೇಡಿಯಸ್ ಸರ್ವರಿಗೆ ಒಪ್ಪಿಸುತ್ತದೆ. ಈ ವ್ಯವಹಾರದ ನಿಯಮಗಳು ಈಗಿನ ರೂಪದಲ್ಲಿ 2000ದ ಜೂನಿನಲ್ಲಿ ಪ್ರಕಟವಾದವು. ಮೊದಲನೆಯ ಸರ್ವರು ಗೊತ್ತುಪಡಿಸಿದ ಅವಧಿಯೊಳಗೆ ಉತ್ತರಿಸದಿದ್ದರೆ, ಮತ್ತೆ ಕೆಲವು ಸಲ ಕೇಳಿ, ಎರಡನೆಯದನ್ನು ಆಶ್ರಯಿಸುತ್ತದೆ. ಅದೂ ಮೌನವಾದರೆ, ಹಾಗೆಂದು ವಿಧಿಸಿದ್ದಲ್ಲಿ, ತನ್ನಲ್ಲಿಯೇ ಬರೆದಿಟ್ಟ ಹೆಸರುಗಳ ಪಟ್ಟಿಯನ್ನು ನೋಡುತ್ತದೆ. ಮೊದಲನೆಯದು ಸ್ಪಷ್ಟವಾಗಿ ನಿರಾಕರಿಸಿತೆಂದರೆ ಮಾತ್ರ ಎರಡನೆಯ ಬಾಗಿಲನ್ನು ತಟ್ಟುವುದಿಲ್ಲ. ಈ ಭೇದವನ್ನು ಮರೆತು ಕಟ್ಟಿದ ವ್ಯವಸ್ಥೆಯಲ್ಲಿ ಕಾವಲೆಂಬುದೇ ಉಳಿಯದು.

ಬದಲಿ ಲೇಖ್ಯದ ಶ್ರೇಷ್ಠ ನಿದರ್ಶನವೊಂದು ನಮ್ಮಲ್ಲಿಯೇ ಇದೆ. 860ರಲ್ಲಿ ಮಾನ್ಯಖೇಟದಲ್ಲಿದ್ದ ಅಮೋಘವರ್ಷನು, ಚಂದ್ರಗ್ರಹಣದ ಪರ್ವದಲ್ಲಿ, ತನ್ನ ಸಾಮಂತನಾದ ಬಂಕೆಯನು ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯದ ಸಲುವಾಗಿ, ದೇವೇಂದ್ರಮುನಿಗೆ ತಲೆಯೂರು ಗ್ರಾಮವನ್ನೂ ಇತರ ಭೂಮಿಯನ್ನೂ ದಾನಮಾಡಿದನು. ಕಾಲ ಸರಿಯಿತು, 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೈದನು, ಮರುವರ್ಷ ಚಾಲುಕ್ಯ ತೈಲಪನು ರಾಜ್ಯವನ್ನೇ ಕೈವಶಮಾಡಿಕೊಂಡನು. ಆ ದಾನವನ್ನು ನಿಜವೆಂದು ಸಾರಬಲ್ಲ ಅರಸುಮನೆ ಇಲ್ಲವಾದ ಮೇಲೆ, 12ನೇ ಶತಮಾನದಲ್ಲಿ, ಕೊಳನೂರಿನ ಮಹಾಪ್ರಭು ಹುಳಿಯಮರಸನ ಬಿನ್ನಹದಂತೆ ಮೇಘಚಂದ್ರರ ಶಿಷ್ಯರಾದ ವೀರನಂದಿಮುನಿಗಳು ತಾಮ್ರದಲ್ಲಿದ್ದುದನ್ನು ಶಿಲೆಯಲ್ಲಿ ಬರೆಯಿಸಿದರು. ಇಂದಿನ ಗದಗ ಜಿಲ್ಲೆಯ ಕೊಣ್ಣೂರಿನ ಶಾಸನವೇ ಅದು. ಬಳೆ ಮುದ್ರೆಗಳು ಶಿಲೆಗೆ ಬರಲಾರವಾದುದರಿಂದ, ಪ್ರತಿಯಲ್ಲಿ ಮೂಲದ ಮಾತೆಷ್ಟು, ನಂತರ ಸೇರಿದುದೆಷ್ಟು ಎಂದು ವಿದ್ವಾಂಸರು ವಿಚಾರಿಸುವುದು ನ್ಯಾಯವೇ ಸರಿ. ಆದರೂ ಬರೆಯಿಸಿದವರು ತಮ್ಮ ಕಾರ್ಯವನ್ನು ಮರೆಮಾಚಲಿಲ್ಲ: ಇದು ಪ್ರತಿ, ಇಂಥವರು ಕೇಳಿದರು, ಇಂಥವರು ಬರೆಯಿಸಿದರು ಎಂಬುದನ್ನು ಆ ಶಿಲೆಯಲ್ಲಿಯೇ ಕೆತ್ತಿಸಿದರು.